ಸಿಪಿಯು, ಜಿಪಿಯು ಬೆರೆತ ಕ್ಲಸ್ಟರ್‌ನಲ್ಲಿ ಕರೆಂಟ್ ಉಳಿಸುವುದು ಹೇಗೆ? ಕ್ಯಾಪ್ ಹಾಕುವುದು ಆರನೇ ಹಂತ, ಮೊದಲನೆಯದಲ್ಲ

"ಕ್ಯಾಪ್ ಹಾಕಿದ್ವಿ ಸರ್, ಬಿಲ್ ಮಾತ್ರ ಇಳೀಲಿಲ್ಲ." ಜಿಪಿಯು ಇರುವ ಕ್ಲಸ್ಟರ್ ನೋಡಿಕೊಳ್ಳುವವರಿಂದ ನಾನು ಪದೇ ಪದೇ ಕೇಳುವ ಮಾತು ಇದು. ಕ್ಲಸ್ಟರ್ ಅಂದರೆ ಒಟ್ಟಿಗೆ ದುಡಿಯುವ ಸರ್ವರ್‌ಗಳ ಗುಂಪು, ಜಾಬ್ ಅಂದರೆ ಬಳಸುವವರು ಅದರಲ್ಲಿ ಓಡಿಸಲು ಕೊಡುವ ಕೆಲಸ, ಕ್ಯಾಪ್ ಅಂದರೆ ಚಿಪ್ ಎಷ್ಟು ವ್ಯಾಟ್ ಎಳೆಯಬಹುದು ಎನ್ನುವ ಮಿತಿ. ಕೆಲವರ ಕಥೆ ಇನ್ನೂ ಕೆಟ್ಟದ್ದು. ಬಿಲ್ ಇಳಿಯಲಿಲ್ಲ, ಜಾಬ್‌ಗಳು ನಿಧಾನವಾದವು, ಪಿಎಚ್‌ಡಿ ಹುಡುಗರು ಬಂದು ಬಾಗಿಲಲ್ಲಿ ನಿಂತರು.

ಎಲ್ಲರ ತಪ್ಪೂ ಹೆಚ್ಚುಕಡಿಮೆ ಒಂದೇ. ಪರದೆಯ ಮೇಲೆ ವ್ಯಾಟ್ ಇಳಿದದ್ದನ್ನೇ ಉಳಿತಾಯ ಅಂದುಕೊಂಡಿರುತ್ತಾರೆ. ಆದರೆ ಮೀಟರ್ ಓಡುವುದು ಯೂನಿಟ್ ಲೆಕ್ಕದಲ್ಲಿ, ಅಂದರೆ ವ್ಯಾಟನ್ನು ಸಮಯದಿಂದ ಗುಣಿಸಿದ ಲೆಕ್ಕದಲ್ಲಿ. ವ್ಯಾಟ್ ಇಳಿದು ಸಮಯ ಅಷ್ಟೇ ಏರಿದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಆದ್ದರಿಂದ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ದಯವಿಟ್ಟು ಜಿಗಿಯಬೇಡಿ.

## ಶುರು ಮಾಡುವ ಮುಂಚೆ ಕೈಯಲ್ಲಿ ಏನಿರಬೇಕು

ಲಿನಕ್ಸ್ ಮತ್ತು ಸ್ಲರ್ಮ್ (ಜಾಬ್‌ಗಳನ್ನು ನೋಡ್‌ಗಳಿಗೆ, ಅಂದರೆ ಕ್ಲಸ್ಟರ್‌ನ ಒಂದೊಂದು ಸರ್ವರ್‌ಗೆ, ಹಂಚುವ ತಂತ್ರಾಂಶ) ಇರುವ ಕ್ಲಸ್ಟರ್ ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ಒಂದಷ್ಟು ಬರೀ ಸಿಪಿಯು ನೋಡ್‌ಗಳು, ಎನ್‌ವಿಡಿಯಾದ ಹಳೆಯ ವಿ100 ಜಿಪಿಯುಗಳಿರುವ ಒಂದೆರಡು ನೋಡ್‌ಗಳು, ಹೊಸದಾಗಿ ಬಂದ ಎ100 ನೋಡ್‌ಗಳು. ದೊಡ್ಡ ಯಂತ್ರಗಳೂ ಹೀಗೆ ಬೆರಕೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್‌ನಲ್ಲೂ ಸಿಪಿಯು ನೋಡ್‌ಗಳ ಜೊತೆ ವಿ100 ನೋಡ್‌ಗಳಿವೆ.

ಬೇಕಾದವು ಇಷ್ಟು: ರೂಟ್ ಪ್ರವೇಶ, ಪ್ರತಿ ಸರ್ವರ್‌ನ ಬಿಎಂಸಿಗೆ (ಸರ್ವರನ್ನು ದೂರದಿಂದ ನಿಭಾಯಿಸಲು ಅದರೊಳಗಿರುವ ಪುಟ್ಟ ಚಿಪ್) ಲಾಗಿನ್, ಬಿಎಂಸಿ ಓದಲು ಐಪಿಎಂಐ ಟೂಲ್, ಸಿಪಿಯುಗೆ ಟರ್ಬೋಸ್ಟ್ಯಾಟ್ ಮತ್ತು ಸಿಪಿಯುಪವರ್, ಜಿಪಿಯುಗೆ ಎನ್‌ವಿಡಿಯಾ ಎಸ್‌ಎಂಐ. ಎಎಂಡಿ ಜಿಪಿಯು ಇದ್ದರೆ ರಾಕ್ಎಂ ಎಸ್‌ಎಂಐ. ರ‍್ಯಾಕ್‌ನಲ್ಲಿ ಅಳತೆ ತೋರಿಸುವ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪ್ಲಗ್ ಪಟ್ಟಿ) ಇದ್ದರೆ ಅರ್ಧ ಕೆಲಸ ಆದ ಹಾಗೆ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಸರ್ವರ್ ರೂಮಿನ ಲೈನಿಗೆ ಒಂದು ಎನರ್ಜಿ ಮೀಟರ್ ಹಾಕಿಸಿ. ಕಮಾಂಡ್ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಟೈಪ್ ಮಾಡುವಾಗ ಮ್ಯಾನ್ ಪೇಜ್ ನೋಡಿಕೊಳ್ಳಿ.

## ಹಂತ 1: ಯಾವ ನೋಡ್‌ನಲ್ಲಿ ಏನಿದೆ, ಪಟ್ಟಿ ಮಾಡಿ

ಬೇಸರದ ಕೆಲಸ, ಆದರೂ ಮಾಡಿ. ಪ್ರತಿ ನೋಡ್‌ನ ಸಿಪಿಯು, ಜಿಪಿಯು, ಜಿಪಿಯುಗೆ ಅನುಮತಿಸಿದ ಅತಿ ಕಡಿಮೆ ಮತ್ತು ಅತಿ ಹೆಚ್ಚು ವ್ಯಾಟ್, ಬಯೋಸ್‌ನಲ್ಲಿ ಆರಿಸಿದ ಪವರ್ ಪ್ರೊಫೈಲ್, ಇವು ಒಂದು ಶೀಟ್‌ನಲ್ಲಿ ಬರಲಿ.

ಹೆಸರು ನೋಡಿ ಮೋಸ ಹೋಗಬೇಡಿ. ಎ100 ಅಂದರೆ ಎಲ್ಲವೂ ಒಂದೇ ಅಲ್ಲ. ಬೋರ್ಡಿಗೆ ನೇರ ಕೂರುವ ಎಸ್‌ಎಕ್ಸ್‌ಎಂ ಮಾದರಿಯದು 400 ವ್ಯಾಟ್. 40 ಜಿಬಿಯ ಪಿಸಿಐಇ ಕಾರ್ಡಿನದು 250 ವ್ಯಾಟ್. "ಎಲ್ಲ ಎ100ಗೂ 250 ವ್ಯಾಟ್" ಅಂತ ಒಂದೇ ಸ್ಕ್ರಿಪ್ಟ್ ಓಡಿಸಿದರೆ, ಮೊದಲನೆಯದಕ್ಕೆ ಉಸಿರು ಕಟ್ಟುತ್ತದೆ, ಎರಡನೆಯದಕ್ಕೆ ಏನೂ ಆಗುವುದಿಲ್ಲ. ವಿ100 ಎಸ್‌ಎಕ್ಸ್‌ಎಂ2 300 ವ್ಯಾಟ್, ಟಿ4 ಬರೀ 70, ಎಚ್100 ಎಸ್‌ಎಕ್ಸ್‌ಎಂ 700. ಈ ಅಂತರ ಕಣ್ಣ ಮುಂದೆ ಇರಬೇಕು.

## ಹಂತ 2: ಅಳೆಯಿರಿ. ಒಂದು ವಾರ ಏನನ್ನೂ ಮುಟ್ಟಬೇಡಿ

ಹೆಚ್ಚಿನವರು ಎಡವುವುದು ಇಲ್ಲಿ. ಅಳತೆ ಸಿಗುವ ಜಾಗ ಮೂರು. ಗೋಡೆಯ ಕಡೆ ಪಿಡಿಯು ಅಥವಾ ಮೀಟರ್, ಸರ್ವರ್ ಒಳಗೆ ಬಿಎಂಸಿ, ಚಿಪ್ ಒಳಗೆ ಕೌಂಟರ್. ಮೂರೂ ಬೇರೆ ಬೇರೆ ಸಂಖ್ಯೆ ಕೊಡುತ್ತವೆ, ಮತ್ತು ಮೂರೂ ಸರಿಯಾಗಿಯೇ ಇರಬಹುದು. ಚಿಪ್ ಕೌಂಟರ್‌ಗೆ ಫ್ಯಾನ್, ಡಿಸ್ಕ್, ಪವರ್ ಸಪ್ಲೈನಲ್ಲಿ ಪೋಲಾಗುವುದು ಕಾಣುವುದಿಲ್ಲ. ಬಿಲ್ ಕಟ್ಟುವುದು ಗೋಡೆಯ ಲೆಕ್ಕಕ್ಕೆ. ಹಾಗಾಗಿ ತೀರ್ಮಾನ ಗೋಡೆಯ ಸಂಖ್ಯೆಯಿಂದ, ಕಾರಣ ಹುಡುಕುವುದು ಚಿಪ್ ಸಂಖ್ಯೆಯಿಂದ.

ಸಿಪಿಯು ಕಡೆ. ಇಂಟೆಲ್ 2011ರ ಸ್ಯಾಂಡಿ ಬ್ರಿಡ್ಜ್‌ನಿಂದ ಕೊಡುತ್ತಿರುವ ರ‍್ಯಾಪಲ್ ಎಂಬ ಶಕ್ತಿ ಅಳೆಯುವ ಕೌಂಟರನ್ನು ಲಿನಕ್ಸ್‌ನ ಪವರ್‌ಕ್ಯಾಪ್ ಫೋಲ್ಡರಿನಲ್ಲಿ ಓದಬಹುದು. ಇದರಲ್ಲಿ ಎಡವಿ ಬೀಳುವ ಮೂರು ಗುಂಡಿಗಳಿವೆ.

ಮೊದಲನೆಯದು, ಕೌಂಟರ್ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಸರ್ವರ್ ಸಿಪಿಯುಗಳಲ್ಲಿ ಸಾಮಾನ್ಯವಾಗಿ ಸುಮಾರು 2,62,000 ಜೂಲ್‌ಗೆ ತಿರುಗಿಬಿಡುತ್ತದೆ. 250 ವ್ಯಾಟ್ ಎಳೆಯುವ ಚಿಪ್‌ನಲ್ಲಿ ಇದು 17–18 ನಿಮಿಷಕ್ಕೊಮ್ಮೆ ಆಗುತ್ತದೆ. ಒಂದು ಗಂಟೆಯ ಜಾಬ್‌ಗೆ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಓದಿ ಕಳೆದರೆ ಬರುವ ಉತ್ತರಕ್ಕೆ ಅರ್ಥವೇ ಇಲ್ಲ. ಒಂದು ನಿಮಿಷಕ್ಕೊಮ್ಮೆ ಓದಿ ಕೂಡಿಸಿ.

ಎರಡನೆಯದು, ರೂಟ್ ಅಲ್ಲದವರಿಗೆ ಈ ಫೈಲ್ ತೆರೆಯುವುದಿಲ್ಲ. 2020ರ ನವೆಂಬರ್‌ನಲ್ಲಿ, ಈ ಕೌಂಟರ್ ನೋಡಿಯೇ ಗುಟ್ಟಿನ ಕೀಗಳನ್ನು ಕದಿಯಬಹುದು ಎಂದು ಪ್ಲಾಟಿಪಸ್ ದಾಳಿ ತೋರಿಸಿಕೊಟ್ಟ ಮೇಲೆ ಲಿನಕ್ಸ್ ಕರ್ನೆಲ್‌ನವರು ಬೀಗ ಹಾಕಿದರು. ಎಲ್ಲರಿಗೂ ಓದಲು ಬಿಟ್ಟುಬಿಡೋಣ ಅನ್ನಿಸುತ್ತದೆ. ಬೇಡ. ರೂಟ್ ಆಗಿ ಓಡುವ ಒಂದು ಸಣ್ಣ ಸೇವೆ ಓದಿ ಕೊಡಲಿ.

ಮೂರನೆಯದು, ಇಂಟೆಲ್ ಸರ್ವರ್‌ನಲ್ಲಿ ಮೆಮೊರಿಯ ಲೆಕ್ಕ ಬೇರೆ ಸಿಗುತ್ತದೆ, ಎಎಂಡಿ ಎಪಿಕ್‌ನಲ್ಲಿ ಸಿಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು "ಇದು ಕಡಿಮೆ ತಿನ್ನುತ್ತೆ" ಅನ್ನುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಜಿಪಿಯು ಕಡೆ. ಎನ್‌ವಿಡಿಯಾದ ವೋಲ್ಟಾ (ವಿ100ರ ತಲೆಮಾರು) ಮತ್ತು ಆಮೇಲಿನ ಚಿಪ್‌ಗಳಲ್ಲಿ ಒಟ್ಟು ಶಕ್ತಿಯ ಕೌಂಟರ್ ಮಿಲಿಜೂಲ್‌ನಲ್ಲಿ ಸಿಗುತ್ತದೆ. ಜಾಬ್ ಮುಂಚೆ, ಜಾಬ್ ಆದ ಮೇಲೆ ಓದಿ ಕಳೆದರೆ ಸಾಕು. ಸೆಕೆಂಡಿಗೊಮ್ಮೆ ವ್ಯಾಟ್ ಓದಿ ಸರಾಸರಿ ಮಾಡುವವರು ಗಮನಿಸಿ: ಎ100 ಮತ್ತು ಎಚ್100ರಲ್ಲಿ ಆ ವ್ಯಾಟ್ ಸಂಖ್ಯೆ ಸಮಯದ ಕಾಲು ಭಾಗವನ್ನು ಮಾತ್ರ ನೋಡಿ ಬಂದಿರಬಹುದು. ಗಳಿಗೆಗೊಮ್ಮೆ ಏರಿ ಇಳಿಯುವ ಜಾಬ್‌ಗಳಲ್ಲಿ ಇದು ದಾರಿ ತಪ್ಪಿಸುತ್ತದೆ. ಆದ್ದರಿಂದ ಅಳತೆಯ ಜಾಬ್ ಕೆಲವು ನಿಮಿಷವಾದರೂ ಓಡಲಿ, ಗೋಡೆಯ ಮೀಟರ್ ಜೊತೆ ತಾಳೆ ನೋಡಿ.

ಸ್ಲರ್ಮ್ ಕಡೆ. ಶಕ್ತಿ ಅಳೆಯುವ ಪ್ಲಗಿನ್ ಹಾಕುತ್ತಾರೆ, ಆದರೆ ಎಲ್ಲ ಜಾಬ್‌ಗೂ ಸೊನ್ನೆ ಬರುತ್ತದೆ. ಕಾರಣ, ನೋಡ್‌ನಿಂದ ಎಷ್ಟು ಸೆಕೆಂಡಿಗೊಮ್ಮೆ ಓದಬೇಕು ಎನ್ನುವ ಆಕ್ಟ್ ಗ್ಯಾದರ್ ನೋಡ್ ಫ್ರೀಕ್ ಸೆಟ್ಟಿಂಗ್ ತಾನಾಗಿ 0 ಇರುತ್ತದೆ. 0 ಅಂದರೆ ಓದಲೇಬೇಡ ಅಂತ. 30 ಕೊಡಿ. ಇನ್ನೊಂದು ವಿಷಯ, ಸ್ಲರ್ಮ್ ಅಳೆಯುವುದು ಇಡೀ ನೋಡ್ ಲೆಕ್ಕ. ಒಂದೇ ನೋಡ್‌ನಲ್ಲಿ ಇಬ್ಬರ ಜಾಬ್ ಇದ್ದರೆ ಒಬ್ಬರ ಖರ್ಚು ಇನ್ನೊಬ್ಬರ ತಲೆಗೂ ಬೀಳುತ್ತದೆ. ಅಳತೆಗೆ ನೋಡನ್ನು ಪೂರ್ತಿ ಕಾಯ್ದಿರಿಸಿ.

ಕೊನೆಗೆ, ನಿಮ್ಮಲ್ಲಿ ನಿಜವಾಗಿ ಓಡುವ 3–4 ಜಾಬ್ ಆರಿಸಿ. ಬೆಂಚ್‌ಮಾರ್ಕ್ ಅಲ್ಲ, ಜನ ದಿನಾ ಓಡಿಸುವಂಥವು. ಒಂದೊಂದನ್ನೂ 3 ಸಲ ಓಡಿಸಿ, ಹಿಡಿದ ಸಮಯ ಮತ್ತು ತಿಂದ ಯೂನಿಟ್ ಬರೆದಿಡಿ. ಮೂರು ಸಲವೂ ಸಂಖ್ಯೆ ಬೇರೆ ಬೇರೆ ಬಂದರೆ ಮುಂದೆ ಹೋಗಬೇಡಿ. ಅಳತೆಯಲ್ಲೇ ಏನೋ ತಪ್ಪಿದೆ.

## ಹಂತ 3: ಸುಮ್ನೆ ಕೂತು ತಿನ್ನುವ ನೋಡ್‌ಗಳನ್ನು ಹಿಡಿಯಿರಿ

ಕೆಲಸವಿಲ್ಲದ ಒಂದು ನೋಡ್ 300 ವ್ಯಾಟ್ ಎಳೆಯುತ್ತಿದ್ದರೆ 30 ದಿನಕ್ಕೆ 216 ಯೂನಿಟ್. ನಾಲ್ಕೈದು ನೋಡ್ ಹೀಗಿದ್ದರೆ ಕ್ಯಾಪ್‌ನಿಂದ ಸಿಗುವ ಲಾಭವೆಲ್ಲ ಇಲ್ಲೇ ಸೋರಿಹೋಗಿರುತ್ತದೆ.

ಮೊದಲು ಬಯೋಸ್ ನೋಡಿ. ಸರ್ವರ್ ತಂದುಕೊಡುವವರು "ಗರಿಷ್ಠ ಪರ್ಫಾರ್ಮೆನ್ಸ್" ಪ್ರೊಫೈಲ್ ಹಾಕಿಬಿಟ್ಟಿರುತ್ತಾರೆ. ಆಗ ಸಿಪಿಯು ಆಳವಾದ ಸಿ-ಸ್ಟೇಟ್‌ಗೆ, ಅಂದರೆ ಗಾಢ ನಿದ್ದೆಗೆ, ಹೋಗುವುದೇ ಇಲ್ಲ. ಆಪರೇಟಿಂಗ್ ಸಿಸ್ಟಮ್ ನಿಭಾಯಿಸುವ ಪ್ರೊಫೈಲ್‌ಗೆ ಬದಲಿಸಿ, ಟರ್ಬೋಸ್ಟ್ಯಾಟ್‌ನಲ್ಲಿ ಸಿ6 ಶೇಕಡಾವಾರು ಏರಿತೇ ನೋಡಿ. ಬಹಳ ನೋಡ್‌ಗಳ ನಡುವೆ ಚಿಕ್ಕ ಚಿಕ್ಕ ಸಂದೇಶ ಕಳಿಸುವ ಜಾಬ್‌ಗಳಿದ್ದರೆ ನಿದ್ದೆಯಿಂದ ಏಳುವ ವಿಳಂಬ ಕಾಡಬಹುದು. ಹಂತ 2ರ ಜಾಬ್‌ಗಳನ್ನು ಇನ್ನೊಮ್ಮೆ ಓಡಿಸಿ ಖಚಿತ ಮಾಡಿಕೊಳ್ಳಿ.

ಆಮೇಲೆ ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್‌ಗಳು. ಶುಕ್ರವಾರ ಸಂಜೆ ತೆರೆದು, ಜಿಪಿಯು ಮೆಮೊರಿ ಹಿಡಿದುಕೊಂಡು, ಊರಿಗೆ ಹೋದವರ ನೋಟ್‌ಬುಕ್‌ಗಳು! ಹಾಗೆ ಹಿಡಿದಿಟ್ಟ ಜಿಪಿಯು ಏನೂ ಮಾಡದಿದ್ದರೂ ಪೂರ್ತಿ ಖಾಲಿ ಇರುವ ಜಿಪಿಯುಗಿಂತ ಜಾಸ್ತಿ ಎಳೆಯುತ್ತದೆ. ಅದಕ್ಕಿಂತ ಮುಖ್ಯ, ಬೇರೆಯವರು ಕ್ಯೂನಲ್ಲಿ ಕಾಯುತ್ತಾರೆ. ಇಂಟರ್‌ಆಕ್ಟಿವ್ ಜಾಬ್‌ಗಳಿಗೆ ಸಮಯದ ಮಿತಿ ಹಾಕಿ. ಒಂದು ಗಂಟೆ ಬಳಕೆ ಸೊನ್ನೆ ಇದ್ದರೆ ಮೊದಲು ಮೇಲ್ ಹೋಗಲಿ, ಇನ್ನೊಂದು ಗಂಟೆ ಆದ ಮೇಲೆ ಜಾಬ್ ನಿಲ್ಲಲಿ. ಮೇಲ್ ಕಳಿಸದೆ ಕೊಲ್ಲಬೇಡಿ. ಬೈಸಿಕೊಳ್ಳುವವರು ನೀವೇ.

## ಹಂತ 4: ಯಾವ ಜಾಬ್ ಯಾವ ನೋಡ್‌ಗೆ

ಬೆರಕೆ ಹಾರ್ಡ್‌ವೇರ್ ಇರುವಲ್ಲಿ ಅತಿ ದೊಡ್ಡ ಉಳಿತಾಯ ಇಲ್ಲಿದೆ, ಆದರೆ ಯಾರೂ ಇಲ್ಲಿಗೆ ಬರುವುದಿಲ್ಲ. ಒಂದು ಸುಲಭ ಲೆಕ್ಕ ಹೇಳುತ್ತೇನೆ. ಸಿಪಿಯು ನೋಡ್ 500 ವ್ಯಾಟ್, 4 ಜಿಪಿಯು ಇರುವ ನೋಡ್ 2,400 ವ್ಯಾಟ್ ಎಳೆಯುತ್ತದೆ ಅನ್ನಿ. ಅನುಪಾತ 4.8. ಜಿಪಿಯು ನೋಡ್‌ನಲ್ಲಿ ಜಾಬ್ 4.8 ಪಟ್ಟಿಗಿಂತ ಬೇಗ ಮುಗಿದರೆ ಮಾತ್ರ ಯೂನಿಟ್ ಉಳಿಯುತ್ತದೆ. 3 ಪಟ್ಟು ಬೇಗ ಮುಗಿದರೆ ಸಮಯ ಉಳಿಯಿತು, ಕರೆಂಟ್ ಜಾಸ್ತಿ ಹೋಯಿತು. ನಿಮ್ಮ ಅಳತೆ ಹಾಕಿ ಈ ಅನುಪಾತ ತೆಗೆಯಿರಿ, ಪ್ರತಿ ಜಾಬ್ ಎದುರು ಬರೆಯಿರಿ.

ಬರೀ ಸಿಪಿಯು ಬಳಸುವ ಜಾಬ್‌ಗಳು ಜಿಪಿಯು ನೋಡ್‌ಗೆ ಹೋಗದಂತೆ ಸ್ಲರ್ಮ್‌ನಲ್ಲಿ ಪಾರ್ಟಿಷನ್ (ನೋಡ್‌ಗಳ ಗುಂಪು) ಬೇರೆ ಮಾಡಿ. ಇಲ್ಲದಿದ್ದರೆ ಖಾಲಿ ಜಿಪಿಯುಗಳು ಪಕ್ಕದಲ್ಲಿ ಕೂತು ತಿನ್ನುತ್ತಲೇ ಇರುತ್ತವೆ.

ಒಂದೇ ಜಾಬ್‌ನಲ್ಲಿ ವಿ100 ಮತ್ತು ಎ100 ಬೆರೆಸಬೇಡಿ. ಪ್ರತಿ ಸುತ್ತಿನ ಕೊನೆಗೆ ಎಲ್ಲ ಜಿಪಿಯುಗಳೂ ಒಂದನ್ನೊಂದು ಕಾಯಬೇಕಾದ ಜಾಬ್‌ಗಳಲ್ಲಿ ಎ100 ಬೇಗ ಮುಗಿಸಿ ವಿ100ಗಾಗಿ ಕಾಯುತ್ತದೆ. ಕಾಯುವುದು ಅಂದರೆ ಮಲಗುವುದಲ್ಲ. ಎಂಪಿಐ (ನೋಡ್‌ಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆ) ಬಳಸುವ ಪ್ರೋಗ್ರಾಂಗಳು ಸಾಮಾನ್ಯವಾಗಿ "ಬಂತಾ, ಬಂತಾ" ಅಂತ ಕೇಳುತ್ತಲೇ ಕಾಯುತ್ತವೆ. ಅಷ್ಟು ಹೊತ್ತೂ ಸಿಪಿಯು 100% ಓಡುತ್ತಿರುತ್ತದೆ. ನೋಡ್‌ಗಳಿಗೆ ಸ್ಲರ್ಮ್‌ನಲ್ಲಿ ಫೀಚರ್ ಹೆಸರು ಕೊಟ್ಟು, ಜಾಬ್ ಯಾವ ತಲೆಮಾರಿನ ಜಿಪಿಯು ಬೇಕೆಂದು ಹೇಳುವುದನ್ನು ಕಡ್ಡಾಯ ಮಾಡಿ.

ಚಿಕ್ಕ ಕೆಲಸಗಳಿಗೆ ಇಡೀ ಎ100 ಕೊಡಬೇಡಿ. ಮಿಗ್ ಎಂಬ ಸೌಲಭ್ಯ ಬಳಸಿ ಅದನ್ನು 7 ಹೋಳು ಮಾಡಬಹುದು. ಟಿ4 ಇದ್ದರೆ ತರಬೇತಿ ಮುಗಿದ ಮಾಡೆಲ್‌ಗಳ ಕೆಲಸ ಅಲ್ಲಿಗೆ ಹೋಗಲಿ.

## ಹಂತ 5: ಸಿಪಿಯು ವೇಗ

ವೇಗ ಏರಿಸಿದಾಗ ವೋಲ್ಟೇಜೂ ಏರಬೇಕು, ಮತ್ತು ಪವರ್ ಏರುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ಹಾಗಾಗಿ ಟರ್ಬೋದ, ಅಂದರೆ ಮಾಮೂಲಿಗಿಂತ ಮೇಲಿನ ವೇಗದ, ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ತುಂಬ ದುಬಾರಿ. ಮೆಮೊರಿಗಾಗಿಯೇ ಕಾಯುವ ಜಾಬ್‌ಗಳಿಗೆ ಆ ವೇಗ ಸಿಕ್ಕರೂ ಉಪಯೋಗವಿಲ್ಲ. ಅಂಥವುಗಳಿಗೆ ಸ್ಲರ್ಮ್‌ನ ಸಿಪಿಯು ಫ್ರೀಕ್ ಆಯ್ಕೆಯಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿ. ಲೆಕ್ಕದಲ್ಲೇ ಮುಳುಗಿರುವ ಜಾಬ್‌ಗಳನ್ನು, ಉದಾಹರಣೆಗೆ ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರ, ಹೀಗೆ ಇಳಿಸಿದರೆ ಸಮಯ ನೇರವಾಗಿ ಏರುತ್ತದೆ.

ಒಂದು ಗೊಂದಲ ಬಿಡಿಸುತ್ತೇನೆ. ಇಂಟೆಲ್ ಪಿ-ಸ್ಟೇಟ್ ಡ್ರೈವರ್‌ನಲ್ಲಿ "ಪವರ್‌ಸೇವ್" ಗವರ್ನರ್ (ಸಿಪಿಯು ವೇಗ ನಿರ್ಧರಿಸುವ ನೀತಿ) ಕಂಡು ಗಾಬರಿಯಾಗಬೇಡಿ. ಅಲ್ಲಿ ಅದು ಕೆಲಸಕ್ಕೆ ತಕ್ಕಂತೆ ವೇಗ ಏರಿಸುತ್ತದೆ. ಹಳೆಯ ಸಿಪಿಯು ಫ್ರೀಕ್ವೆನ್ಸಿ ಡ್ರೈವರ್‌ನಲ್ಲಿ ಅದೇ ಹೆಸರಿನ ಗವರ್ನರ್ ಚಿಪ್ಪನ್ನು ಅತಿ ಕಡಿಮೆ ವೇಗಕ್ಕೆ ಕಟ್ಟಿಹಾಕುತ್ತದೆ. ಹೆಸರು ಒಂದೇ, ನಡತೆ ಬೇರೆ.

ಜಿಪಿಯು ನೋಡ್‌ಗಳ ಸಿಪಿಯು ಇಳಿಸುವಾಗ ಎಚ್ಚರ. ಡೇಟಾ ತಯಾರು ಮಾಡಿ ಕೊಡುವ ಸಿಪಿಯು ನಿಧಾನವಾದರೆ ದುಬಾರಿ ಜಿಪಿಯು ಹಸಿದು ಕೂರುತ್ತದೆ. ಜಿಪಿಯು ಬಳಕೆಯ ಗ್ರಾಫ್ ಗರಗಸದ ಹಲ್ಲಿನ ಹಾಗೆ ಆಗುತ್ತಿದ್ದರೆ ಸಿಪಿಯು ವೇಗ ಹಿಂದಕ್ಕೆ ಏರಿಸಿ.

## ಹಂತ 6: ಈಗ ಜಿಪಿಯು ಕ್ಯಾಪ್

ಮೊದಲು ಪರ್ಸಿಸ್ಟೆನ್ಸ್ ಮೋಡ್ ಹಾಕಿ. ಇದಿಲ್ಲದಿದ್ದರೆ, ಯಾರೂ ಬಳಸದಾಗ ಡ್ರೈವರ್ ಇಳಿದುಹೋಗಿ ನೀವು ಹಾಕಿದ ಮಿತಿಯೂ ಅಳಿಸಿಹೋಗುತ್ತದೆ. ರೀಬೂಟ್ ಆದರಂತೂ ಹೋಗುವುದು ಖಂಡಿತ. ಆದ್ದರಿಂದ ಮಿತಿ ಹಾಕುವ ಕೆಲಸವನ್ನು ಬೂಟ್ ಸಮಯದ ಸೇವೆಯಾಗಿ ಇಡಿ, ಅಥವಾ ಸ್ಲರ್ಮ್‌ನ ಜಾಬ್ ಶುರುವಾಗುವ ಮುಂಚೆ ಓಡುವ ಪ್ರೊಲಾಗ್‌ನಲ್ಲಿ ಇಡಿ. ಜಾಬ್‌ಗೆ ತಕ್ಕಂತೆ ಬದಲಿಸುತ್ತಿದ್ದರೆ ಜಾಬ್ ಮುಗಿದ ಮೇಲೆ ಓಡುವ ಎಪಿಲಾಗ್‌ನಲ್ಲಿ ಮೊದಲಿನ ಮಿತಿಗೆ ತನ್ನಿ. ಮರೆತರೆ ಮುಂದಿನ ಬಡಪಾಯಿಯ ಜಾಬ್ ಕಾರಣವಿಲ್ಲದೆ ನಿಧಾನವಾಗುತ್ತದೆ.

ಇನ್ನು ಮಿತಿ ಎಷ್ಟಿರಬೇಕು? 4 ಜಿಪಿಯು ಇರುವ ನೋಡ್ ತೆಗೆದುಕೊಳ್ಳೋಣ. ಸಿಪಿಯು, ಮೆಮೊರಿ, ಫ್ಯಾನ್ ಸೇರಿ 800 ವ್ಯಾಟ್ ಅನ್ನಿ. ಇದು ಬರೀ ಲೆಕ್ಕ ತೋರಿಸಲು, ನಿಮ್ಮ ಸಂಖ್ಯೆ ಬೇರೆ ಇರುತ್ತದೆ.

ಮಿತಿ 400 ವ್ಯಾಟ್ ಇದ್ದಾಗ ನೋಡ್ ಒಟ್ಟು 2,400 ವ್ಯಾಟ್. ಜಾಬ್ 100 ನಿಮಿಷ. ಖರ್ಚು 4 ಯೂನಿಟ್.

ಮಿತಿ 300ಕ್ಕೆ ಇಳಿಸಿದಾಗ ಒಟ್ಟು 2,000 ವ್ಯಾಟ್. ಜಾಬ್ 108 ನಿಮಿಷ. ಖರ್ಚು 3.6 ಯೂನಿಟ್. ಶೇ. 10 ಉಳಿಯಿತು.

ಮಿತಿ 200ಕ್ಕೆ ಇಳಿಸಿದಾಗ ಒಟ್ಟು 1,600 ವ್ಯಾಟ್. ಜಾಬ್ 150 ನಿಮಿಷ. ಖರ್ಚು ಮತ್ತೆ 4 ಯೂನಿಟ್! ಜಿಪಿಯು ಲೆಕ್ಕ ಮಾತ್ರ ನೋಡಿದವರಿಗೆ ಇಲ್ಲಿ ಕಾಲು ಭಾಗ ಉಳಿದಂತೆ ಕಾಣುತ್ತದೆ. ಆದರೆ ಆ 800 ವ್ಯಾಟ್ ಇನ್ನೂ 50 ನಿಮಿಷ ಜಾಸ್ತಿ ಓಡಿತಲ್ಲ, ಅಲ್ಲಿಗೆ ಎಲ್ಲ ಸರಿಹೋಯಿತು. ಶುರುವಿನಲ್ಲಿ ಹೇಳಿದ "ಬಿಲ್ ಇಳೀಲಿಲ್ಲ" ಕಥೆಯ ಗುಟ್ಟು ಇದೇ.

ಆದ್ದರಿಂದ ಪೂರ್ಣ ಮಿತಿಯಿಂದ ಶುರು ಮಾಡಿ, ಸಲಕ್ಕೆ 50 ವ್ಯಾಟ್ ಇಳಿಸುತ್ತಾ, ಪ್ರತಿ ಮೆಟ್ಟಿಲಲ್ಲೂ ಇಡೀ ನೋಡ್‌ನ ಯೂನಿಟ್ ಬರೆಯಿರಿ. ಯೂನಿಟ್ ಇಳಿಯುವುದು ನಿಂತ ಜಾಗದಲ್ಲಿ ನಿಲ್ಲಿ. ಬಳಸುವವರಿಗೆ ಬೇಗ ಮುಗಿಯಬೇಕು, ಆಡಳಿತಕ್ಕೆ ಬಿಲ್ ಇಳಿಯಬೇಕು, ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಅಂಥಲ್ಲಿ ಯೂನಿಟ್ಟನ್ನು ಸಮಯದಿಂದ ಗುಣಿಸಿ, ಆ ಗುಣಲಬ್ಧ ಅತಿ ಕಡಿಮೆ ಇರುವ ಮೆಟ್ಟಿಲು ಆರಿಸಿ. ಮೇಲಿನ ಉದಾಹರಣೆಯಲ್ಲಿ ಅದು 400, 389, 600. ಅಲ್ಲೂ 300 ವ್ಯಾಟೇ ಗೆದ್ದಿತು, ಆದರೆ ಕೂದಲೆಳೆಯಲ್ಲಿ.

ಹಲವು ನೋಡ್‌ಗಳಲ್ಲಿ ಹರಡಿದ ಜಾಬ್‌ಗೆ ಇನ್ನೊಂದು ಮಾತು. ಒಂದೇ ಮಿತಿ ಕೊಟ್ಟರೂ ಎಲ್ಲ ಚಿಪ್‌ಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಒಂದಕ್ಕೊಂದು ಸ್ವಲ್ಪ ಬೇರೆ. ಕ್ಯಾಪ್ ಬಿಗಿಯಾದಷ್ಟೂ ವ್ಯತ್ಯಾಸ ಎದ್ದು ಕಾಣುತ್ತದೆ, ಮತ್ತು ಎಲ್ಲರೂ ಅತಿ ನಿಧಾನದವನಿಗಾಗಿ ಕಾಯುತ್ತಾರೆ. ಇಂಥ ಕಡೆ ಪವರ್ ಮಿತಿಯ ಬದಲು ಕ್ಲಾಕ್ ವೇಗವನ್ನೇ ಒಂದು ಸಂಖ್ಯೆಗೆ ಲಾಕ್ ಮಾಡುವುದು ವಾಸಿ.

"ಜಿಪಿಯು ಬಳಕೆ 100%" ಅನ್ನುವುದನ್ನು ನಂಬಿ ಯಾವ ತೀರ್ಮಾನವನ್ನೂ ಮಾಡಬೇಡಿ. ಆ ಹೊತ್ತಿನಲ್ಲಿ ಏನೋ ಒಂದು ಕರ್ನೆಲ್ (ಇಲ್ಲಿ ಜಿಪಿಯು ಮೇಲೆ ಓಡುವ ಪ್ರೋಗ್ರಾಂ ತುಣುಕು, ಲಿನಕ್ಸ್ ಕರ್ನೆಲ್ ಅಲ್ಲ) ಓಡುತ್ತಿತ್ತು ಅಂತ ಮಾತ್ರ ಅದರ ಅರ್ಥ. ಚಿಪ್ಪಿನ ಮೂಲೆಯಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದರೂ 100% ತೋರಿಸುತ್ತದೆ. 100% ತೋರಿಸಿ 400ರಲ್ಲಿ 150 ವ್ಯಾಟ್ ಮಾತ್ರ ಎಳೆಯುತ್ತಿದ್ದರೆ ಕ್ಯಾಪ್ ಬೇಡ. ಕೋಡ್ ಬರೆದವರ ಜೊತೆ ಕೂತು ಮಾತಾಡಿ.

ಎಎಂಡಿ ಎಂಐ250ಎಕ್ಸ್ ಇದ್ದವರಿಗೆ: ಅಲ್ಲಿ ಒಂದು ಮಾಡ್ಯೂಲ್ ಎರಡು ಜಿಪಿಯುಗಳಾಗಿ ಕಾಣುತ್ತದೆ, ಪವರ್ ಲೆಕ್ಕ ಮಾತ್ರ ಇಡೀ ಮಾಡ್ಯೂಲಿನದು. ಎರಡರದ್ದೂ ಬೇರೆ ಬೇರೆ ಅಂದುಕೊಂಡು ಕೂಡಿಸಬೇಡಿ.

ಹಿಂದೆ ಸರಿಯಬೇಕಾದ ಸೂಚನೆ: ಎನ್‌ವಿಡಿಯಾ ಎಸ್‌ಎಂಐ, ವೇಗ ಯಾಕೆ ಇಳಿದಿದೆ ಎಂಬ ಕಾರಣ ತೋರಿಸುತ್ತದೆ. ಸಾಫ್ಟ್‌ವೇರ್ ಪವರ್ ಕ್ಯಾಪ್ ಅಂತ ಇದ್ದರೆ ಅದು ನಿಮ್ಮದೇ ಕೆಲಸ, ಸರಿ. ಹಾರ್ಡ್‌ವೇರ್ ಥರ್ಮಲ್ ಸ್ಲೋಡೌನ್ ಅಂತ ಇದ್ದರೆ ಕ್ಯಾಪ್ ಪ್ರಯೋಗ ನಿಲ್ಲಿಸಿ. ಅದು ಬಿಸಿಯ ಸಮಸ್ಯೆ. ಫ್ಯಾನ್, ಧೂಳು, ಎಸಿ ನೋಡಿ.

## ಹಂತ 7: ಖಾಲಿ ನೋಡ್‌ಗಳನ್ನು ಆಫ್ ಮಾಡುವುದು

ಸ್ಲರ್ಮ್ ತಾನೇ ನೋಡ್ ಆಫ್ ಮಾಡಿ, ಜಾಬ್ ಬಂದಾಗ ಎಬ್ಬಿಸುತ್ತದೆ. ಲಾಭ ದೊಡ್ಡದು, ಅಪಾಯವೂ ಇದೆ. ಅದಕ್ಕೇ ಇಷ್ಟು ಹಿಂದೆ ಇಟ್ಟಿದ್ದೇನೆ.

ರೆಸ್ಯೂಮ್ ಟೈಮ್‌ಔಟ್ (ಎಬ್ಬಿಸಿದ ನೋಡ್ ಏಳಲು ಸ್ಲರ್ಮ್ ಕಾಯುವ ಸಮಯ) ತಾನಾಗಿ 60 ಸೆಕೆಂಡ್ ಇರುತ್ತದೆ. ನೂರಾರು ಜಿಬಿ ಮೆಮೊರಿ, ನಾಲ್ಕು ಜಿಪಿಯು ಇರುವ ಸರ್ವರ್ ಅಷ್ಟರಲ್ಲಿ ಬಯೋಸ್ ದಾಟಿರುವುದೂ ಇಲ್ಲ. ಆ ಸಮಯ ಮುಗಿದರೆ ಸ್ಲರ್ಮ್ ನೋಡನ್ನು ಡೌನ್ ಅಂತ ಗುರುತು ಹಾಕಿಬಿಡುತ್ತದೆ. ಬೆಳಗ್ಗೆ ಬಂದು ನೋಡಿದರೆ ಅರ್ಧ ಕ್ಲಸ್ಟರ್ ಡೌನ್. ನಾನೂ ಒಮ್ಮೆ ಹಾಗೆ ಮಾಡಿಕೊಂಡು ಭಾನುವಾರ ಕಳೆದುಕೊಂಡಿದ್ದೇನೆ. ನಿಮ್ಮ ಅತಿ ನಿಧಾನದ ನೋಡ್ ಎಷ್ಟು ಹೊತ್ತಿನಲ್ಲಿ ಏಳುತ್ತದೆ ಅಳೆದು, ಅದರ ಎರಡರಷ್ಟು ಕೊಡಿ.

ಹೆಡ್ ನೋಡ್, ಲಾಗಿನ್ ನೋಡ್, ಸ್ಟೋರೇಜ್ ನೋಡ್‌ಗಳು ಆಫ್ ಮಾಡಬಾರದ ಪಟ್ಟಿಯಲ್ಲಿರಲಿ. ಪ್ರತಿ ಬಗೆಯ ಒಂದೊಂದು ನೋಡ್ ಸದಾ ಎಚ್ಚರವಿರಲಿ, ಚಿಕ್ಕ ಪರೀಕ್ಷೆಗೆ ಬಂದವರು ಕಾಯಬೇಕಾಗುವುದಿಲ್ಲ. ನೋಡ್‌ಗಳನ್ನು ಎಬ್ಬಿಸುವ ವೇಗ ಇಳಿಸಿ, ನಿಮಿಷಕ್ಕೆ ಒಂದೆರಡು ಸಾಕು. ಎಲ್ಲ ಒಟ್ಟಿಗೆ ಎದ್ದರೆ ಎಂಸಿಬಿ ಟ್ರಿಪ್ ಆದರೂ ಆಶ್ಚರ್ಯವಿಲ್ಲ. ಮೊದಲ ಎರಡು ವಾರ ಹಳೆಯ ಸಿಪಿಯು ನೋಡ್‌ಗಳ ಮೇಲೆ ಮಾತ್ರ ಪ್ರಯೋಗ ಮಾಡಿ.

## ಹಂತ 8: ಕೋಣೆ ಮತ್ತು ಬಿಲ್

ಸರ್ವರ್ ರೂಮಿನ ಎಸಿಯನ್ನು 18ಕ್ಕೆ ಇಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಎಸಿ, ತಂಪಿನ ಮಾನದಂಡ ರೂಪಿಸುವ ಆಶ್ರೇ ಸಂಸ್ಥೆಯ ಶಿಫಾರಸು, ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ. ವಾರಕ್ಕೆ ಒಂದು ಡಿಗ್ರಿ ಏರಿಸಿ, ಒಟ್ಟು ಮೀಟರ್ ನೋಡಿ. ಫ್ಯಾನ್ ತಿನ್ನುವ ಪವರ್ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದು ಹಂತದ ಮೇಲೆ ಎಸಿಯಲ್ಲಿ ಉಳಿಸಿದ್ದು ಫ್ಯಾನ್‌ಗೆ ಹೋಗುತ್ತದೆ. ಫ್ಯಾನ್ ಸದ್ದು ಜಾಸ್ತಿಯಾದರೆ ಒಂದು ಡಿಗ್ರಿ ಹಿಂದೆ ಬನ್ನಿ. ರ‍್ಯಾಕ್‌ನ ಖಾಲಿ ಜಾಗಗಳಿಗೆ ಮುಚ್ಚುಪಟ್ಟಿ ಹಾಕುವುದು ಅಗ್ಗದ ಕೆಲಸ, ಇವತ್ತೇ ಮಾಡಿ.

ಕರ್ನಾಟಕದಲ್ಲಿ ಎಚ್‌ಟಿ (ಹೈ ಟೆನ್ಷನ್) ಸಂಪರ್ಕ ಇರುವ ಸಂಸ್ಥೆಗಳು ಯೂನಿಟ್ ಜೊತೆಗೆ ಕೆವಿಎ ಲೆಕ್ಕದಲ್ಲಿ ಡಿಮ್ಯಾಂಡ್ ಶುಲ್ಕವನ್ನೂ ಕಟ್ಟುತ್ತವೆ. ತಿಂಗಳಲ್ಲಿ ಒಮ್ಮೆ ಏರಿದ ಶಿಖರಕ್ಕೂ ದುಡ್ಡು. ಯೂನಿಟ್ ಉಳಿಸದ ಬಿಗಿ ಕ್ಯಾಪ್ ಕೂಡ ಇಲ್ಲಿ ಉಪಯೋಗಕ್ಕೆ ಬರಬಹುದು. ಕ್ಯಾಂಪಸ್‌ನ ಉಳಿದ ಕಟ್ಟಡಗಳು ಜಾಸ್ತಿ ಎಳೆಯುವ ಹೊತ್ತಿಗೆ ಮಾತ್ರ ಬಿಗಿ ಮಾಡಿ, ಆಮೇಲೆ ಸಡಿಲಿಸಿ. ನಿಮ್ಮ ಬಿಲ್‌ನಲ್ಲಿ ಹೊತ್ತಿಗೆ ತಕ್ಕ ದರ ಇದೆಯೇ ಎಂದು ಲೆಕ್ಕಪತ್ರ ವಿಭಾಗದಲ್ಲಿ ಕೇಳಿ. ಇದ್ದರೆ ಅವಸರವಿಲ್ಲದ ಜಾಬ್‌ಗಳನ್ನು ಕಡಿಮೆ ದರದ ಹೊತ್ತಿಗೆ ತಳ್ಳುವ ಒಂದು ಕ್ಯೂ ಮಾಡಿ.

## ಹಂತ 9: ಅಪ್‌ಡೇಟ್ ಆದಾಗಲೆಲ್ಲ

ಬಯೋಸ್ ಅಪ್‌ಡೇಟ್ ಪ್ರೊಫೈಲನ್ನು ಮೊದಲಿನ ಸ್ಥಿತಿಗೆ ತಂದಿರಬಹುದು. ಮದರ್‌ಬೋರ್ಡ್ ಬದಲಿಸಿದರೂ ಅಷ್ಟೇ. ಡ್ರೈವರ್ ಅಪ್‌ಡೇಟ್ ಆದ ಮೇಲೆ ಮಿತಿ ಹಾಕುವ ಸೇವೆ ಸದ್ದಿಲ್ಲದೆ ಸೋತಿರಬಹುದು. ಅಂಥ ನೋಡನ್ನು, ಕ್ಯೂನಿಂದ ಹೊಸ ಜಾಬ್ ಬರದಂತೆ, ಡ್ರೈನ್‌ನಲ್ಲೇ ಇಟ್ಟು, ಹಂತ 2ರ ಜಾಬ್‌ಗಳಲ್ಲಿ ಒಂದನ್ನು ಸ್ಲರ್ಮ್ ಮೂಲಕವಲ್ಲದೆ ನೇರವಾಗಿ ಓಡಿಸಿ. ಸಮಯ ಮತ್ತು ಯೂನಿಟ್ ಹಳೆಯ ಶೀಟ್‌ಗೆ ತಾಳೆಯಾದರೆ ಕ್ಯೂಗೆ ಬಿಡಿ. ಆಗದಿದ್ದರೆ ಹಂತ 3ಕ್ಕೆ ವಾಪಸ್.